ಡಿಸೈನ್ ಕೆಲಸಗಳ ಮೂಲಕ ಮಕ್ಕಳಿಗೆ ಡ್ರಾಯಿಂಗ್ ಕಲಿಸುವುದು: ಯಾವ ಅಸೈನ್‌ಮೆಂಟ್ ಕೊಡಬೇಕು?

ಕ್ಲಾಸ್‌ರೂಮ್_ಕ್ಯಾನ್ವಾಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಈ ವರ್ಷದಿಂದ ಗ್ರಾಫಿಕ್ ಡಿಸೈನ್ ಕೂಡ ನನ್ನ ಪಾಲಿಗೆ ಬಂದಿದೆ. "ಮುಂದೆ ಕೆಲಸಕ್ಕೆ ಬರುವಂಥದ್ದನ್ನು ಕಲಿಸಿ" ಎಂದು ಮೇಲಿನವರು ಹೇಳಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ. ಸಮಸ್ಯೆ ಬೇರೆ.

ಹೂದಾನಿ, ಬಟ್ಟೆಯ ಮಡಿಕೆ, ಮರದ ಡಬ್ಬ ಇಟ್ಟು ನೋಡಿ ಬಿಡಿಸಿ ಎಂದರೆ ಅರ್ಧ ತರಗತಿ "ನಂಗೆ ಡ್ರಾಯಿಂಗ್ ಬರಲ್ಲ ಮಿಸ್" ಎಂದು ಕೈ ಕಟ್ಟಿ ಕೂತುಬಿಡುತ್ತದೆ. ಅದೇ ಮಕ್ಕಳಿಗೆ "ಒಂದು ಕಂಪನಿಗೆ ಲೋಗೋ ಮಾಡಿ" ಎಂದರೆ ಮುಖ ಅರಳುತ್ತದೆ. ಆದರೆ ಅರ್ಧ ಗಂಟೆಯೊಳಗೆ ಫೋನ್‌ನಲ್ಲಿ ಸಿಕ್ಕ ಯಾವುದೋ ರೆಡಿ ಚಿತ್ರದ ಬಣ್ಣ ಬದಲಾಯಿಸಿ, ಕೆಳಗೆ ಹೆಸರು ಬರೆದು ತರುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಅದರಲ್ಲಿ ಅವರ ಕೈ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ.

ಐಕಾನ್ ಡಿಸೈನರ್, ಪ್ಯಾಕೇಜಿಂಗ್ ಡಿಸೈನರ್, ಸ್ಟೋರಿಬೋರ್ಡ್ (ಸಿನಿಮಾದ ದೃಶ್ಯಗಳನ್ನು ಮೊದಲೇ ಚೌಕಗಳಲ್ಲಿ ಬಿಡಿಸಿಡುವುದು) ಕಲಾವಿದರು ನಿಜವಾಗಿ ಮಾಡುವ ಕೆಲಸವನ್ನೇ ಅಸೈನ್‌ಮೆಂಟ್ ಮಾಡಿ ಕೊಟ್ಟು, ಅದರ ಮೂಲಕವೇ ಮಕ್ಕಳ ಕೈ ಪಳಗಿಸಲು ಆಗುತ್ತದಾ? ಮಾಡಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ. ಯಾವ ಕೆಲಸ ಕೊಟ್ಟರೆ ಡ್ರಾಯಿಂಗಿನ ಯಾವ ಭಾಗ ಬರುತ್ತದೆ, ಮಾರ್ಕ್ಸ್ ಯಾವುದಕ್ಕೆ ಕೊಡಬೇಕು, ಕಂಪ್ಯೂಟರ್ ಯಾವಾಗ ತೆರೆಯಬೇಕು, ಇವೆಲ್ಲ ನನಗಿನ್ನೂ ಸ್ಪಷ್ಟವಿಲ್ಲ.

ಹಳೆ_ಪೆನ್ಸಿಲ್ ಉತ್ತರ:

ಮೇಡಂ, ಖಂಡಿತ ಆಗುತ್ತದೆ. ನಾನು ತುಂಬಾ ವರ್ಷ ಪ್ಯಾಕೇಜಿಂಗ್ ಡಿಸೈನ್‌ನಲ್ಲಿದ್ದು, ಈಗ ಡಿಸೈನ್ ವಿದ್ಯಾರ್ಥಿಗಳಿಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದೇನೆ. ನನಗೆ ತುಂಬಾ ಹತ್ತಿರವಾದ ವಿಷಯ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

"ಲೋಗೋ ಮಾಡಿ" ಎಂದಾಗ ಮಕ್ಕಳು ಫೋನ್ ತೆಗೆಯುವುದು ಸೋಮಾರಿತನದಿಂದಲ್ಲ. ಆ ಕೆಲಸದಲ್ಲಿ ಕಣ್ಣಿಟ್ಟು ನೋಡಲೇಬೇಕಾದ ವಸ್ತುವೇ ಇಲ್ಲ. ನೋಡುವ ಅಗತ್ಯ ಇಲ್ಲದಿದ್ದ ಮೇಲೆ ಬಿಡಿಸುವ ಅಗತ್ಯ ಎಲ್ಲಿಂದ ಬರಬೇಕು? ಹಾಗಾಗಿ ಅಸೈನ್‌ಮೆಂಟ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ: ಮೇಜಿನ ಮೇಲೆ ಇಡಬಹುದಾದ ನಿಜವಾದ ವಸ್ತು ಇದೆಯಾ? ಆ ಚಿತ್ರಕ್ಕೆ ಒಂದು ಕೆಲಸ ಇದೆಯಾ? ಆ ಕೆಲಸ ಆಯಿತೋ ಇಲ್ಲವೋ ಎಂದು ನಾನಲ್ಲದೆ ಬೇರೆ ಯಾರಾದರೂ ಪರೀಕ್ಷಿಸಬಹುದಾ? ಕೊನೆಯದು ಬಹಳ ಮುಖ್ಯ. "ಚೆನ್ನಾಗಿದೆ, ಚೆನ್ನಾಗಿಲ್ಲ" ಎಂದು ಟೀಚರ್ ಹೇಳಿದರೆ ಮಗು ಅದನ್ನು ತನ್ನ ಪ್ರತಿಭೆಯ ಮೇಲಿನ ತೀರ್ಪು ಎಂದುಕೊಳ್ಳುತ್ತದೆ. ಚಿತ್ರ ನೋಡಿ ಇನ್ನೊಬ್ಬರಿಗೆ ಅರ್ಥವಾಗಲಿಲ್ಲ ಅಂದರೆ, ಚಿತ್ರ ತಿದ್ದಬೇಕು ಅಷ್ಟೇ.

ನಾನು ಯಾವಾಗಲೂ ಮೊದಲು ಕೊಡುವ ಕೆಲಸ ಬಳಕೆಯ ಸೂಚನೆಯ ಚಿತ್ರ. ವಿಮಾನದ ಸೀಟಿನ ಮುಂದೆ ಇಟ್ಟಿರುವ ಸುರಕ್ಷತಾ ಕಾರ್ಡ್ ನೋಡಿದ್ದೀರಲ್ಲ, ಆ ಜಾತಿಯದ್ದು. ಅದನ್ನು ಬಿಡಿಸುವುದೇ ಕೆಲವರ ವೃತ್ತಿ. ವಸ್ತು: ಚಿಕ್ಕ ಮಕ್ಕಳು ತೆರೆಯದಂತೆ ಮಾಡಿರುವ ಔಷಧಿ ಬಾಟಲಿಯ ಮುಚ್ಚಳ, ಒತ್ತಿ ಹಿಡಿದು ತಿರುಗಿಸಬೇಕಲ್ಲ, ಅದು. ಬ್ರೀಫ್, ಅಂದರೆ ಕೆಲಸದ ಷರತ್ತುಗಳು: A5 ಕಾಗದ, ನಾಲ್ಕು ಚೌಕ, ಕಪ್ಪು ಗೆರೆ ಮಾತ್ರ, ಒಂದಕ್ಷರವೂ ಇಲ್ಲ. ಓದುವವರಿಗೆ ನಿಮ್ಮ ಭಾಷೆ ಬರುವುದಿಲ್ಲ ಎಂದುಕೊಳ್ಳಿ.

ಮೊದಲ ಸಲ ಹೆಚ್ಚುಕಮ್ಮಿ ಎಲ್ಲರೂ ಒಂದೇ ಥರ ಬಿಡಿಸುತ್ತಾರೆ. ಒಂದು ಚೌಕದಲ್ಲಿ ಕೆಳಮುಖ ಬಾಣ, ಮುಂದಿನ ಚೌಕದಲ್ಲಿ ಸುತ್ತುವ ಬಾಣ. ಆ ಹಾಳೆಯನ್ನು ಬೇರೆ ತರಗತಿಯ ಮಗುವಿಗೆ ಕೊಟ್ಟು, ಪಕ್ಕದಲ್ಲಿ ಬಾಟಲಿ ಇಡಿ. ಆ ಮಗು ಚಿತ್ರದಲ್ಲಿ ಇದ್ದಂತೆಯೇ ಮಾಡುತ್ತದೆ: ಒತ್ತುತ್ತದೆ, ಕೈ ಬಿಡುತ್ತದೆ, ಆಮೇಲೆ ತಿರುಗಿಸುತ್ತದೆ. ಮುಚ್ಚಳ ಟಕಟಕ ಅನ್ನುತ್ತದೆ, ಬರುವುದಿಲ್ಲ. ಬಿಡಿಸಿದವರು ಅಲ್ಲೇ ನಿಂತು ನೋಡುತ್ತಿರುತ್ತಾರೆ, ಬಾಯಿ ಬಿಡುವಂತಿಲ್ಲ. ಎರಡೂ ಬಾಣ ಒಂದೇ ಚೌಕದಲ್ಲಿ ಇರಬೇಕು, ಅಂಗೈ ಮೇಲಿಂದ ಒತ್ತುತ್ತಿರಬೇಕು, ಬೆರಳುಗಳು ಸುತ್ತ ಹಿಡಿದಿರಬೇಕು ಎಂದು ಆಗ ತಾನಾಗಿಯೇ ಹೊಳೆಯುತ್ತದೆ.

ಹೊಳೆದ ಮೇಲೆ ಕೈ ಬಿಡಿಸಬೇಕಲ್ಲ! ನಿಜವಾದ ಡ್ರಾಯಿಂಗ್ ಪಾಠ ಅಲ್ಲಿಂದ ಶುರು. ನೆನಪಿನಿಂದ ಬಿಡಿಸಿದ ಕೈಯಲ್ಲಿ ಐದು ಬೆರಳೂ ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ಇರುತ್ತವೆ. ಮುಚ್ಚಳ ಹಿಡಿದ ಕೈ ಹಾಗಿರುವುದಿಲ್ಲ. ಹೆಬ್ಬೆರಳು ಈಚೆ ಕಡೆ ಕಾಣುತ್ತದೆ, ಉಳಿದವು ಮುಚ್ಚಳದ ಆಚೆ ಹೋಗಿ ಗೆಣ್ಣುಗಳಷ್ಟೇ ಕಾಣುತ್ತವೆ. ಕಿರುಬೆರಳು ಪೂರ್ತಿ ಮರೆಯಾಗಿರಲೂಬಹುದು. "ಕಿರುಬೆರಳು ಕಾಣ್ತಾ ಇಲ್ಲ, ಆದ್ರೂ ಹಾಕ್ಲಾ?" ಎಂದು ಮಗು ಕೇಳುವ ಆ ಕ್ಷಣ ನನಗೆ ತುಂಬಾ ಇಷ್ಟ. ಗೊತ್ತಿರುವುದಕ್ಕೂ ಕಾಣುತ್ತಿರುವುದಕ್ಕೂ ವ್ಯತ್ಯಾಸ ಇದೆ ಎಂದು ಅದಕ್ಕೆ ತಿಳಿದುಹೋಯಿತು. ಹೂದಾನಿ ಇಟ್ಟು ವರ್ಷವಿಡೀ ಹೇಳಲು ಹೊರಟಿದ್ದೂ ಇದನ್ನೇ ಅಲ್ವಾ? ಗೆರೆಯ ದಪ್ಪದ ಪಾಠವೂ ಇಲ್ಲೇ ಸಿಗುತ್ತದೆ. ಕೈ ಮತ್ತು ಮುಚ್ಚಳ ಒಂದೇ ದಪ್ಪದ ಗೆರೆಯಲ್ಲಿದ್ದರೆ ಯಾವುದು ಮುಂದೆ, ಯಾವುದು ಹಿಂದೆ ಗೊತ್ತಾಗುವುದಿಲ್ಲ. ಕೈಯ ಹೊರ ಅಂಚು ದಪ್ಪ ಮಾಡಿದ ಕೂಡಲೇ ಅದು ಮುಂದೆ ಬಂದು ನಿಲ್ಲುತ್ತದೆ.

ಎರಡನೆಯದು ನನ್ನದೇ ಕ್ಷೇತ್ರ, ಪ್ಯಾಕೇಜಿಂಗ್. ಒಂದು ಉದ್ದನೆಯ ದುಂಡು ಬಾಟಲಿ ಇಟ್ಟು, ಅದಕ್ಕೆ ಲೇಬಲ್ ಡಿಸೈನ್ ಮಾಡಲು ಹೇಳಿ. ಲೇಬಲನ್ನು ಚಪ್ಪಟೆ ಕಾಗದದಲ್ಲಿ ಮಾತ್ರ ತೋರಿಸಿದರೆ ಸಾಲದು, ಬಾಟಲಿಯ ಮೇಲೆ ಕೂತಂತೆ ಬಿಡಿಸಿ ತೋರಿಸಬೇಕು ಎಂದು ಷರತ್ತು ಹಾಕಿ. ಆಫೀಸಿನಲ್ಲೂ ಕ್ಲೈಂಟಿಗೆ ಮೊದಲು ಹೋಗುವುದು ಅಂಥ ಚಿತ್ರವೇ.

ಮಕ್ಕಳು ಬಾಟಲಿಯ ಬಾಯನ್ನು ಮೊಟ್ಟೆಯಾಕಾರದಲ್ಲಿ ಬಿಡಿಸಿ, ತಳವನ್ನು ಮಾತ್ರ ಸ್ಕೇಲ್ ಇಟ್ಟ ಹಾಗೆ ನೇರ ಗೆರೆ ಎಳೆಯುತ್ತಾರೆ. ಯಾಕೆಂದರೆ ಬಾಟಲಿ ಮೇಜಿನ ಮೇಲೆ ನೆಟ್ಟಗೆ ಕೂತಿದೆ ಎಂದು ಅವರಿಗೆ ಗೊತ್ತು. ಹಾಗೆ ಬಿಡಿಸಿದ ಬಾಟಲಿಗೆ ಲೇಬಲ್ ಕೂರುವುದೇ ಇಲ್ಲ. ಮೇಲಿನ ಅಂಚು ಬಾಗಿದೆ, ಕೆಳಗಿನ ಅಂಚು ನೇರ, ನಡುವೆ ಬರೆಯುವ ಹೆಸರು ಯಾವ ಕಡೆ ಬಾಗಬೇಕು? ಆಗ ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತೋರಿಸಿ. ಕಣ್ಣಿನ ನೇರಕ್ಕೆ ಬಂದ ಸುತ್ತು ನೇರ ಗೆರೆಯಾಗಿ ಕಾಣುತ್ತದೆ. ಅದಕ್ಕಿಂತ ಕೆಳಗಿನದು ಕೆಳಕ್ಕೆ ಬಾಗುತ್ತದೆ, ಮೇಲಿನದು ಮೇಲಕ್ಕೆ. ಕಣ್ಣಿನ ಮಟ್ಟದಿಂದ ದೂರ ಹೋದಷ್ಟೂ ಸುತ್ತು ಅಗಲವಾಗಿ ತೆರೆದುಕೊಳ್ಳುತ್ತದೆ. ಅಂದರೆ ಬಾಟಲಿಯನ್ನು ಮೇಲಿಂದ ನೋಡುವಾಗ ತಳದ ಸುತ್ತು ಬಾಯಿಯ ಸುತ್ತಿಗಿಂತ ಹೆಚ್ಚು ದುಂಡಗಿರುತ್ತದೆ. ಇದನ್ನು ಪರ್ಸ್ಪೆಕ್ಟಿವ್ ಪಾಠ ಅಂತ ಬೋರ್ಡಿನ ಮೇಲೆ ಬರೆದು ಹೇಳಿದರೆ ನಿದ್ದೆ ಬರುತ್ತದೆ. ತಾವೇ ಬರೆದ ಹೆಸರು ವಕ್ರವಾಗಿ ಕಾಣುವಾಗ ಹೇಳಿದರೆ ಕಿವಿ ನಿಮಿರುತ್ತದೆ.

ಐಕಾನ್ ಕೆಲಸ ಮೂರನೆಯದಾಗಿ ಇಡಿ, ಮೊದಲೇ ಬೇಡ. ಸುಲಭ ಎಂದು ಕಾಣುತ್ತದೆ, ಆದರೆ ಬೇಡದ ವಿವರ ಬಿಡುವುದನ್ನು ಕಲಿಯಲು ಮೊದಲು ಪೂರ್ತಿ ನೋಡಿರಬೇಕು. 1984ರಲ್ಲಿ ಬಂದ ಮ್ಯಾಕಿಂತಾಷ್ ಕಂಪ್ಯೂಟರಿನ ಐಕಾನ್‌ಗಳನ್ನು ಸೂಸನ್ ಕೇರ್ ಗ್ರಾಫ್ ಪೇಪರಿನ ಮೇಲೆ ಚೌಕ ತುಂಬಿ ರೂಪಿಸಿದರು. 32 ಅಡ್ಡ, 32 ಉದ್ದ, ಒಟ್ಟು 1,024 ಚೌಕ, ಪ್ರತಿಯೊಂದೂ ಕಪ್ಪು ಇಲ್ಲವೇ ಬಿಳಿ. ಇದನ್ನು ಯಾವ ತರಗತಿಯಲ್ಲೂ ಮಾಡಬಹುದು, ಗ್ರಾಫ್ ಹಾಳೆ ಇದ್ದರೆ ಸಾಕು. ಆದರೆ ನೇರವಾಗಿ ಗ್ರಾಫಿಗೆ ಕೈ ಹಾಕಲು ಬಿಡಬೇಡಿ. ಕತ್ತರಿಯ ಐಕಾನ್ ಬೇಕಾದರೆ ಮೊದಲು ನಿಜವಾದ ಕತ್ತರಿಯನ್ನು ತೆರೆದು, ಮುಚ್ಚಿ, ಪಕ್ಕದಿಂದ, ಮೇಲಿಂದ ಬಿಡಿಸಲಿ. ಯಾವ ನೋಟವನ್ನು ಪೂರ್ತಿ ಕಪ್ಪು ಮಾಡಿದರೂ ಕತ್ತರಿ ಅಂತಲೇ ಗುರುತು ಸಿಗುತ್ತದೋ ಅದನ್ನು ಆರಿಸಲಿ. ಆಮೇಲೆ ಗ್ರಾಫ್. ಒಂದೇ ಐಕಾನ್ ಬೇಡ, ಒಂದು ಲೈಬ್ರರಿಗೋ ಆಸ್ಪತ್ರೆಗೋ ಬೇಕಾದ ಐದಾರರ ಸೆಟ್ ಕೊಡಿ. ಎಲ್ಲವೂ ಒಂದೇ ಕೈಯಿಂದ ಬಂದಂತೆ ಕಾಣಬೇಕು ಎನ್ನುವುದೇ ಅಲ್ಲಿನ ಕಷ್ಟ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಓಟ್ಲ್ ಐಷರ್ ತಂಡ ಮಾಡಿದ ಚಿಹ್ನೆಗಳನ್ನು ತೋರಿಸಿ. ಕೈಕಾಲು, ಮೈ ಎಲ್ಲವೂ ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ. ಅಷ್ಟರಲ್ಲೇ ಈಜು ಬೇರೆ, ಕುಸ್ತಿ ಬೇರೆ ಅಂತ ತಿಳಿಯುತ್ತದೆ. ಇನ್ನೊಂದು ಸೂಕ್ಷ್ಮ: ಒಂದೇ ಅಳತೆಯ ಚೌಕ ಮತ್ತು ವೃತ್ತ ಪಕ್ಕಪಕ್ಕ ಇಟ್ಟರೆ ವೃತ್ತ ಚಿಕ್ಕದಾಗಿ ಕಾಣುತ್ತದೆ. ಅದನ್ನು ಕೊಂಚ ದೊಡ್ಡದು ಮಾಡಿದರೇ ಸಮ ಅನ್ನಿಸುವುದು. ಸ್ಕೇಲ್ ಹೇಳಿದ್ದನ್ನು ಕಣ್ಣು ಒಪ್ಪದಿದ್ದಾಗ ಕಣ್ಣಿನ ಮಾತೇ ಕೊನೆ ಎಂದು ಮಕ್ಕಳಿಗೆ ಅಲ್ಲಿ ಧೈರ್ಯ ಬರುತ್ತದೆ.

ಸ್ಟೋರಿಬೋರ್ಡ್ ಕೊಟ್ಟರೆ ಮೈಯ ಭಂಗಿ, ಚೌಕಟ್ಟಿನೊಳಗೆ ಏನು ಎಲ್ಲಿ ಎನ್ನುವುದು ಬರುತ್ತದೆ. ಪತ್ರಿಕೆಯೊಂದರ ಹೆಸರನ್ನು ಕೈಯಲ್ಲಿ ರೂಪಿಸಲು ಕೊಟ್ಟರೆ ಬಾಗು ಗೆರೆಯ ಹಿಡಿತ ಬರುತ್ತದೆ. ಕನ್ನಡ ಅಕ್ಷರಗಳ ದುಂಡು, ತಲೆಕಟ್ಟು, ಕೆಳಗೆ ಒತ್ತಕ್ಷರಕ್ಕೆ ಬಿಡಬೇಕಾದ ಜಾಗ ಇದೆಯಲ್ಲ, ಕೈಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮ ಇಲ್ಲ.

ಮಾರ್ಕ್ಸ್ ವಿಷಯ. 20 ಅಂಕ ಇದ್ದರೆ ನಾನು ವಸ್ತುವನ್ನು ನೋಡಿ ಬಿಡಿಸಿದ ಸ್ಕೆಚ್‌ಗಳಿಗೆ 8 ಕೊಡುತ್ತೇನೆ. ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಏನು ಬದಲಾಯಿತು, ಯಾಕೆ ಎನ್ನುವುದಕ್ಕೆ 6. ಬೇರೆಯವರ ಮೇಲೆ ಪರೀಕ್ಷೆ ಮಾಡಿ, ಸಿಕ್ಕಿದ್ದನ್ನು ಬರೆದಿಟ್ಟಿದ್ದಕ್ಕೆ 4. ಕೊನೆಯ ಫಿನಿಶಿಂಗ್‌ಗೆ 2 ಮಾತ್ರ. ಇದನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆದುಬಿಡಿ. ಫೋನಿನಿಂದ ಇಳಿಸಿ ತಂದ ಚಿತ್ರಕ್ಕೆ ಗರಿಷ್ಠ ಎರಡೇ ಅಂಕ ಎಂದು ಮಕ್ಕಳೇ ಲೆಕ್ಕ ಹಾಕಿಕೊಳ್ಳುತ್ತಾರೆ. ನೀವು ಗದರುವ ಅಗತ್ಯವೇ ಬರುವುದಿಲ್ಲ.

ಕಂಪ್ಯೂಟರ್ ತೆರೆಯುವುದು ಕಾಗದದ ಮೇಲಿನ ಚಿತ್ರ ಪರೀಕ್ಷೆ ಪಾಸಾದ ಮೇಲೆ. ಆಗಲೂ ಡ್ರಾಯಿಂಗ್ ಮುಗಿಯಲಿಲ್ಲ. ಪೆನ್ ಟೂಲ್‌ನಲ್ಲಿ (ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಪಾಯಿಂಟ್ ಇಟ್ಟು ಗೆರೆ ಎಳೆಯುವ ಸಾಧನ) ಬಾಗು ಗೆರೆ ಎಳೆಯುವಾಗ ಪಾಯಿಂಟ್ ಇಡಬೇಕಾದ್ದು ಗೆರೆ ದಿಕ್ಕು ಬದಲಿಸುವ ಕಡೆ. ವೃತ್ತಕ್ಕೆ ನಾಲ್ಕೇ ಸಾಕು. ಎಲ್ಲಿ ತಿರುಗುತ್ತದೆ ಎಂದು ಕಾಣದ ಮಗು ಉದ್ದಕ್ಕೂ ಪಾಯಿಂಟ್ ಚುಚ್ಚುತ್ತಾ ಹೋಗುತ್ತದೆ, ಗೆರೆ ಗಂಟುಗಂಟಾಗುತ್ತದೆ. ಪೆನ್ಸಿಲ್‌ನಲ್ಲಿ ಅದೇ ಬಾಗನ್ನು ಒಂದೇ ಎಳೆತದಲ್ಲಿ ಎಳೆದು ರೂಢಿ ಇದ್ದವರಿಗೆ ಆ ಕಷ್ಟ ಇರುವುದಿಲ್ಲ.

ನೋಡಿ_ಬರೆ ಉತ್ತರ:

ಹಳೆ ಪೆನ್ಸಿಲ್ ಸರ್ ಹೇಳಿದ್ದರಲ್ಲಿ ಹೆಚ್ಚಿನದ್ದನ್ನು ಒಪ್ಪುತ್ತೇನೆ. ಆ ಮುಚ್ಚಳದ ಪಾಠವನ್ನು ನಾನೂ ಮಾಡುತ್ತೇನೆ ಈಗ. ಆದರೂ ಒಂದು ವಿಷಯ ಹೇಳದೆ ಇರಲಾರೆ.

ಇಲ್ಲಿ ಬಂದ ಕೆಲಸಗಳೆಲ್ಲ ಹೆಚ್ಚಾಗಿ ಗೆರೆಯ ಕೆಲಸಗಳು. ಅಂಚು, ಆಕಾರ, ಅಳತೆ ಬರುತ್ತವೆ. ನೆರಳು ಬೆಳಕು ಎಲ್ಲಿ? ವಸ್ತುವಿನ ತೂಕ ಎಲ್ಲಿ? ಐಕಾನ್ ಮಾಡಿಯೇ ಬೆಳೆದ ಮಕ್ಕಳ ಚಿತ್ರಗಳು ಚೊಕ್ಕಟವಾಗಿರುತ್ತವೆ, ಚಪ್ಪಟೆಯಾಗಿಯೂ ಇರುತ್ತವೆ. ಹಾಗಂತ ಹೂದಾನಿಗೇ ವಾಪಸ್ ಹೋಗಬೇಕಿಲ್ಲ. ನೆರಳು ಬೆಳಕನ್ನೇ ನಂಬಿಕೊಂಡ ವೃತ್ತಿಗಳೂ ಇವೆ. ಸಸ್ಯಗಳ ಚಿತ್ರ ಬಿಡಿಸುವವರು, ವೈದ್ಯಕೀಯ ಚಿತ್ರಕಾರರು, ಉತ್ಖನನದಲ್ಲಿ ಸಿಕ್ಕ ವಸ್ತುಗಳನ್ನು ದಾಖಲಿಸುವವರು. ಅವರ ಕ್ಷೇತ್ರದಲ್ಲಿ ಬೆಳಕು ಎಡ ಮೇಲ್ಗಡೆಯಿಂದ ಬೀಳುತ್ತದೆ ಎನ್ನುವುದು ಮೊದಲಿನಿಂದ ಬಂದ ವಾಡಿಕೆ. ಎಲ್ಲರ ಚಿತ್ರದಲ್ಲೂ ಬೆಳಕು ಒಂದೇ ಕಡೆಯಿಂದ ಬಂದರೆ, ಯಾವುದು ಉಬ್ಬು, ಯಾವುದು ತಗ್ಗು ಎಂದು ನೋಡುವವರಿಗೆ ಗೊಂದಲ ಆಗುವುದಿಲ್ಲ.

ನಾನು ಕೊಡುವ ಕೆಲಸ: ಒಂದು ಕಲ್ಲು, ಇಲ್ಲವೇ ಒಂದು ಒಣಗಿದ ಬೀಜದ ಕಾಯಿ. ಕಪ್ಪು ಪೆನ್ನು, ಚುಕ್ಕೆಗಳು ಮಾತ್ರ. ಪಕ್ಕದಲ್ಲಿ ಸೆಂಟಿಮೀಟರ್ ಅಳತೆಯ ಪಟ್ಟಿ ಇರಬೇಕು. ಪರೀಕ್ಷೆ ಏನೆಂದರೆ, ಒಂದೇ ಜಾತಿಯ ಐದು ಕಲ್ಲುಗಳ ನಡುವೆ ನಿಮ್ಮ ಕಲ್ಲು ಯಾವುದು ಎಂದು ಚಿತ್ರ ನೋಡಿ ಇನ್ನೊಬ್ಬರು ಹುಡುಕಬೇಕು. ಗುರುತು ಸಿಗುವುದು ಒಂದು ಸಣ್ಣ ಬಿರುಕಿನಿಂದ, ಒಂದು ಚಪ್ಪಟೆ ಮುಖದಿಂದ. ಹಾಗಾಗಿ ಅದನ್ನು ಬಿಡುವ ಹಾಗೇ ಇಲ್ಲ. ಚುಕ್ಕೆ ಇಡುವುದು ನಿಧಾನದ ಕೆಲಸ, ಅಳಿಸಲು ಆಗುವುದಿಲ್ಲ. ಗಲಾಟೆ ತರಗತಿ ಆ ದಿನ ತಾನಾಗಿಯೇ ಶಾಂತವಾಗುತ್ತದೆ.

ಇನ್ನೊಂದು ನನ್ನ ಮನಸ್ಸಿನ ಮಾತು. ಹದಿನಾಲ್ಕರ ಮಗುವಿಗೆ ಬಿಡಿಸುವುದೆಲ್ಲ ಉದ್ಯೋಗಕ್ಕಾಗಿ ಎನ್ನುವ ಭಾವನೆ ಬರಬಾರದು. ಪ್ರತಿ ತರಗತಿಯ ಮೊದಲ ಹತ್ತು ನಿಮಿಷ ಯಾವ ಬ್ರೀಫೂ ಇಲ್ಲದೆ ಬಿಡಿಸಲಿ. ಕಾಗದದ ಕಡೆ ನೋಡದೆ, ತನ್ನ ಶೂವಿನ ಅಂಚನ್ನೇ ಕಣ್ಣಲ್ಲಿ ಹಿಂಬಾಲಿಸುತ್ತಾ ಗೆರೆ ಎಳೆಯುವುದು. ಅರ್ಧ ನಿಮಿಷದಲ್ಲಿ ನಿಂತ ಗೆಳೆಯನ ಭಂಗಿ ಹಿಡಿಯುವುದು. ಇವುಗಳಿಗೆ ಮಾರ್ಕ್ಸ್ ಬೇಡ. ಸುಮ್ನೆ ಬಿಡಿಸುವ ಸುಖವೂ ಅವರಿಗೆ ಗೊತ್ತಿರಲಿ.

ಗ್ರಿಡ್_ಲೈನ್ ಉತ್ತರ:

ನಾನು ಟೀಚರ್ ಅಲ್ಲ, ಬ್ರ್ಯಾಂಡಿಂಗ್ ಕೆಲಸದಲ್ಲಿ ಇರುವವಳು. ಆಫೀಸಿನಲ್ಲಿ ಡ್ರಾಯಿಂಗ್ ಹೇಗೆ ಬಳಕೆಯಾಗುತ್ತದೆ ಎಂದು ಹೇಳಿದರೆ ಉಪಯೋಗ ಆಗಬಹುದು.

ನಮ್ಮ ಸ್ಕೆಚ್‌ಗಳು ನೋಡಲು ಚೆನ್ನಾಗಿರುವುದಿಲ್ಲ. ಯೋಚನೆ ಮಾಡಲು ಬಿಡಿಸುವುದು ಬೇರೆ, ತೋರಿಸಲು ಬಿಡಿಸುವುದು ಬೇರೆ. ಮೊದಲನೆಯದು ಹೆಬ್ಬೆಟ್ಟಿನಷ್ಟು ಚಿಕ್ಕದು, ಕೆಲವೇ ಸೆಕೆಂಡಿನದು, ಹೆಚ್ಚಿನವು ಕಸದ ಬುಟ್ಟಿಗೆ. "ನಂಗೆ ಬರಲ್ಲ" ಎನ್ನುವ ಮಕ್ಕಳು ಬಿಡಿಸಿದ್ದೆಲ್ಲ ಗೋಡೆಗೆ ಹಾಕುವಂತಿರಬೇಕು ಎಂದುಕೊಂಡಿರುತ್ತಾರೆ. 1976ರಲ್ಲಿ ಮಿಲ್ಟನ್ ಗ್ಲೇಸರ್ ನ್ಯೂಯಾರ್ಕ್‌ಗಾಗಿ ಮಾಡಿದ, ಹೃದಯದ ಗುರುತಿನ ಆ ಪ್ರಸಿದ್ಧ ಲೋಗೋದ ಮೊದಲ ಸ್ಕೆಚ್ ತೋರಿಸಿ. ಟ್ಯಾಕ್ಸಿಯಲ್ಲಿ ಕೂತು, ಹರಿದ ಲಕೋಟೆಯ ಮೇಲೆ ಕೆಂಪು ಕ್ರೇಯಾನ್‌ನಲ್ಲಿ ಗೀಚಿದ್ದು. ಈಗ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿದೆ. ಲಂಡನ್ ಸುರಂಗ ರೈಲಿನ ನಕ್ಷೆಯೂ ಹಾಗೆಯೇ. ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ 1931ರಲ್ಲಿ ಅದನ್ನು ಮೊದಲು ಗೀಚಿಕೊಂಡಿದ್ದು ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ. ಅದು ಅಚ್ಚಾಗಿ ಜನರ ಕೈಗೆ ಬಂದದ್ದು 1933ರಲ್ಲಿ. ಮಕ್ಕಳಿಗೆ ಎರಡನ್ನೂ ಪಕ್ಕಪಕ್ಕ ತೋರಿಸಿದರೆ ಸಾಕು, ನಡುವಿನ ದಾರಿ ಎಷ್ಟು ಉದ್ದ ಎಂದು ಅರ್ಥವಾಗುತ್ತದೆ.

ಮೊದಲ ಸ್ಕೆಚ್‌ಗಳಿಗೆ ಚೂಪು ಪೆನ್ಸಿಲ್ ಕೊಡಬೇಡಿ, ರಬ್ಬರಂತೂ ಬೇಡವೇ ಬೇಡ. ದಪ್ಪ ಮಾರ್ಕರ್ ಕೊಡಿ. ಚಿಕ್ಕ ಚೌಕದಲ್ಲಿ ದಪ್ಪ ಮಾರ್ಕರ್ ಹಿಡಿದರೆ ವಿವರ ಬಿಡಿಸಲು ಸಾಧ್ಯವೇ ಇಲ್ಲ. ಆಕಾರ ಮತ್ತು ಜಾಗ, ಎರಡೇ ಉಳಿಯುತ್ತವೆ. ತುಂಬಾ ಚೆನ್ನಾಗಿ ಬಿಡಿಸುವ ಮಗುವೂ ಹೆದರುವ ಮಗುವೂ ಅಲ್ಲಿ ಒಂದೇ ಸಾಲಿಗೆ ಬರುತ್ತಾರೆ.

ಕೆಲಸದ ನಡುವೆ ಒಂದು ಸಲ ಕ್ಲೈಂಟ್ ಆಗಿ ಬ್ರೀಫ್ ಬದಲಿಸಿ. "ಇದು ಈಗ ಪೆನ್ನಿನ ಕ್ಯಾಪ್ ಮೇಲೂ ಅಚ್ಚಾಗಬೇಕು" ಅನ್ನಿ. ಅಷ್ಟು ಚಿಕ್ಕದಾದಾಗ ಯಾವ ಗೆರೆ ಸಾಯುತ್ತದೆ ಎಂದು ಅವರೇ ಹುಡುಕಿ ತೆಗೆಯಬೇಕು. ನಮಗೆ ದಿನಾ ಬರುವ ತಲೆನೋವು ಇದೇ.

ಫೋನ್ ಬಗ್ಗೆ. ಪೂರ್ತಿ ಬೇಡ ಎಂದರೆ ಯಾರೂ ಕೇಳುವುದಿಲ್ಲ. ನಮ್ಮಲ್ಲೂ ರೆಫರೆನ್ಸ್ ಇಲ್ಲದೆ ಯಾರೂ ಕೆಲಸ ಮಾಡುವುದಿಲ್ಲ. ನಿಯಮ ಒಂದೇ ಇರಲಿ: ತಾವೇ ತೆಗೆದ ಫೋಟೋ ಮಾತ್ರ. ಈಗ ಎಐ ಚಿತ್ರಗಳೂ ಬಂದಿವೆ, ಅವನ್ನು ತರುತ್ತಾರೆ. ತಂದರೆ ಒಂದನ್ನು ಎಲ್ಲರ ಮುಂದೆ ಇಟ್ಟು, ಅದರ ಕೈಬೆರಳು, ನೆರಳು, ಬಾಟಲಿಯ ಸುತ್ತು ಸರಿ ಇದೆಯಾ ಎಂದು ಕೇಳಿ. ತಪ್ಪಿದ್ದರೆ ಬಿಡಿಸಿ ರೂಢಿ ಇರುವವರಿಗೆ ಅದು ತಟ್ಟನೆ ಕಾಣುತ್ತದೆ. ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಆ ಕಣ್ಣನ್ನೇ.

ಕ್ಲಾಸ್‌ರೂಮ್_ಕ್ಯಾನ್ವಾಸ್:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಮೂವರಿಗೂ ತುಂಬಾ ಥ್ಯಾಂಕ್ಸ್. ಅಂಕ ಹಂಚುವ ರೀತಿ ಓದಿದ ಮೇಲೆ ಅರ್ಧ ತಲೆಭಾರ ಇಳಿಯಿತು. ಮುಚ್ಚಳದಿಂದ ಶುರು ಮಾಡುತ್ತೇನೆ. ಆಮೇಲೆ ಬಾಟಲಿ, ಕಲ್ಲು, ಐಕಾನ್. ಮೊದಲ ಹತ್ತು ನಿಮಿಷ ಖಾಲಿ ಕಾಗದ, ದಪ್ಪ ಮಾರ್ಕರ್ ಕೂಡ.

ಇನ್ನೂ ಕೆಲವು ಗೊಂದಲಗಳಿವೆ. ನನ್ನದು ದೊಡ್ಡ ತರಗತಿ. ಪ್ರತಿಯೊಬ್ಬರ ಚಿತ್ರಕ್ಕೂ ಪರೀಕ್ಷೆ ಮಾಡಿಸುವುದು ಹೇಗೆ? ಜಪಾನಿ ಕಾಮಿಕ್ಸ್ ಶೈಲಿಯಲ್ಲಿ ಬಹಳ ಚೆನ್ನಾಗಿ ಬಿಡಿಸುವ ನಾಲ್ಕೈದು ಮಕ್ಕಳಿದ್ದಾರೆ. ಎದುರಿಗೆ ಏನಿಟ್ಟರೂ ಅವರಿಗೆ ಬರುವುದು ಅದೇ ಕಣ್ಣು, ಅದೇ ಕೂದಲು. ಅವರಿಗೆ ಬೇಸರವಾಗದಂತೆ ಹೊರಗೆ ತರುವುದು ಹೇಗೆ? ಹೆದರುವ ಮಕ್ಕಳಿಗೆ ಟ್ರೇಸ್ ಮಾಡಲು ಬಿಡಬಹುದಾ?

ಹಳೆ_ಪೆನ್ಸಿಲ್:

ಪರೀಕ್ಷೆಗೆ ಬೆಂಚುಗಳನ್ನೇ ಬಳಸಿಕೊಳ್ಳಿ. ಅರ್ಧ ತರಗತಿಗೆ ಮುಚ್ಚಳ, ಇನ್ನರ್ಧಕ್ಕೆ ಸ್ಟೇಪ್ಲರ್‌ಗೆ ಪಿನ್ ತುಂಬುವುದು. ಹಾಳೆಗಳನ್ನು ಅದಲುಬದಲು ಮಾಡಿ. ನೋಡಿದವರು ತಮಗೆ ಅರ್ಥವಾದದ್ದನ್ನು ಹಾಳೆಯ ಹಿಂಬದಿಯಲ್ಲಿ ಒಂದೊಂದು ವಾಕ್ಯದಲ್ಲಿ ಬರೆಯಲಿ. ಬಿಡಿಸಿದವರು ಮಾತಾಡುವಂತಿಲ್ಲ. ನಿಮಗೆ ತಿದ್ದಲು ಕೈಗೆ ಪುರಾವೆಯೂ ಸಿಕ್ಕಂತಾಯಿತು.

ಕಾಮಿಕ್ಸ್ ಮಕ್ಕಳ ಶೈಲಿಯನ್ನು ಬೈಯಬೇಡಿ. ಅಷ್ಟು ಗೆರೆ ಎಳೆದವರ ಕೈ ಬಹಳ ಪಳಗಿರುತ್ತದೆ, ಅದು ದೊಡ್ಡ ಆಸ್ತಿ. ಅವರಿಗೆ ಸ್ಟೋರಿಬೋರ್ಡ್ ಕೊಡಿ, ಆದರೆ ಪಾತ್ರದ ಮುಖ ಕಾಣಬಾರದು ಎಂದು ಷರತ್ತು ಹಾಕಿ. ಸೈಕಲ್ ಚೈನ್ ಜಾರಿ ಬಿದ್ದದ್ದನ್ನು ಒಬ್ಬರು ಸರಿ ಮಾಡುತ್ತಿದ್ದಾರೆ, ಆರು ಚೌಕ. ಬೆನ್ನು, ಮೊಣಕೈ, ಚೈನ್, ಪೆಡಲ್ ಮಾತ್ರ. ಕಣ್ಣು ಕೂದಲಿನ ಆಸರೆ ಹೋಯಿತು. ಸಿಟ್ಟು, ಸುಸ್ತು, ಸಮಾಧಾನ ಎಲ್ಲವನ್ನೂ ಬೆನ್ನಿನ ಬಾಗಿನಲ್ಲೇ ತೋರಿಸಬೇಕು. ಅದಕ್ಕೆ ಸೈಕಲ್ ಪಕ್ಕ ಹೋಗಿ ಕೂರದೆ ಬೇರೆ ದಾರಿ ಇಲ್ಲ. ಈ ಕೆಲಸವನ್ನು ಅವರು ಬಹಳ ಹಟದಿಂದ ಮಾಡುತ್ತಾರೆ.

ಟ್ರೇಸಿಂಗ್‌ಗೆ ನನ್ನ ವಿರೋಧ ಇಲ್ಲ. ವೃತ್ತಿಯಲ್ಲಿ ಟ್ರೇಸಿಂಗ್ ಪೇಪರ್ ದಿನನಿತ್ಯದ ಸಾಮಾನು. ಒಂದರ ಮೇಲೊಂದು ಹಾಳೆ ಇಟ್ಟು ಗೆರೆಯನ್ನು ತಿದ್ದುತ್ತಾ ಹೋಗುವುದೇ ನಮ್ಮ ರೂಢಿ. ಮಗು ತಾನೇ ತೆಗೆದ ಫೋಟೋ ಮೇಲೆ ಮೊದಲ ಪದರ ಟ್ರೇಸ್ ಮಾಡಲಿ. ಅಳತೆ ಸರಿ ಬಂದಾಗ ಅದರ ಮುಖ ನೋಡಿ, "ಓ, ಇಷ್ಟೇನಾ" ಅನ್ನುತ್ತದೆ. ಮುಂದಿನ ಹೆಜ್ಜೆಯಲ್ಲಿ ಅದೇ ವಸ್ತುವನ್ನು ಫೋಟೋದಲ್ಲಿ ಇಲ್ಲದ ಇನ್ನೊಂದು ಕೋನದಿಂದ ಬಿಡಿಸಬೇಕು. ಅಲ್ಲಿ ಟ್ರೇಸ್ ಮಾಡಲು ಏನೂ ಇಲ್ಲ, ವಸ್ತುವೇ ಗತಿ. ಎರಡನ್ನೂ ಸೇರಿಸಿಯೇ ಒಪ್ಪಿಸಬೇಕು, ಮಾರ್ಕ್ಸ್ ಎರಡನೆಯದಕ್ಕೆ.

ಅಂದ ಹಾಗೆ, ಬಾಟಲಿಗಳು ಖಾಲಿ ಮಾಡಿ ತೊಳೆದವೇ ಆಗಿರಲಿ. ತರುವ ಮೊದಲು ಪ್ರತಿಯೊಂದನ್ನೂ ನೀವೇ ತೆರೆದು ನೋಡಿ. ಕೆಲವು ಮುಚ್ಚಳಗಳನ್ನು ಮೇಲಿಂದ ಒತ್ತುವುದಲ್ಲ, ಎರಡು ಪಕ್ಕ ಹಿಸುಕಿ ತಿರುಗಿಸಬೇಕು. ಅವು ಬೆರೆತುಹೋದರೆ ಪರೀಕ್ಷೆ ಎಡವಟ್ಟಾಗುತ್ತದೆ.

ನೋಡಿ_ಬರೆ:

ಮೇಡಂ, ಆ ಹತ್ತು ನಿಮಿಷದ ಹಾಳೆಗಳನ್ನು ಮಕ್ಕಳ ಕೈಗೆ ವಾಪಸ್ ಕೊಡಬೇಡಿ, ಹರಿದು ಎಸೆಯುತ್ತಾರೆ. ಹಿಂದೆ ತಾರೀಕು ಬರೆಸಿ ಒಂದು ಫೈಲಿನಲ್ಲಿ ಇಡಿ. ಪೋಷಕರ ಸಭೆಯಲ್ಲಿ "ನಮ್ಮ ಮಗು ಏನು ಕಲಿತಿದೆ" ಎಂದು ಕೇಳಿದಾಗ, ಕೊನೆಯ ಲೇಬಲ್‌ಗಿಂತ ಮೊದಲು ಆ ಶೂಗಳನ್ನು ಸಾಲಾಗಿ ಜೋಡಿಸಿ ತೋರಿಸಿ. ಪೆನ್ಸಿಲ್ 2B ಇರಲಿ, HB ಕೊಟ್ಟರೆ ಹೆದರುವ ಮಕ್ಕಳ ಗೆರೆ ಕಾಗದದ ಮೇಲೆ ಕಾಣುವುದೇ ಇಲ್ಲ.